ಅಂಗನವಾಡಿಯಲ್ಲಿ ಹಾಕಿಸಿದ ಸೂಜಿ

ಮಂಡ್ಯ
12 ನವೆಂಬರ್ 2024

ಅವ್ವ,

ಭಾನುವಾರ ವಾರ್ಡನ್ ನಯನ ಮೇಡಂ ಅವರ ಫೋನಿನಲ್ಲಿ ನಿನ್ನ ಜೊತೆ ಮಾತಾಡಿದ್ದು ಮಾತಾಡಿದ ಹಾಗೇ ಅನ್ನಿಸಲಿಲ್ಲ. ಹಿಂದೆ ಹುಡುಗಿಯರ ಸಾಲು ನಿಂತಿರುತ್ತದೆ, ನೀನು ಆ ಕಡೆಯಿಂದ "ಉಂಡ್ಯಾ, ಉಂಡ್ಯಾ" ಅಂತ ಕೂಗುತ್ತಿರುತ್ತೀಯ. ನಮ್ಮ ಕೈಗಂತೂ ಫೋನ್ ಕೊಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಉಂಡೆ ಅವ್ವ. ಸಾರು ನೀರು, ಮುದ್ದೆಯಲ್ಲಿ ಗಂಟು, ಆದರೂ ದಿನಾ ಉಣ್ಣುತ್ತೇನೆ.

ರೂಮಿನಲ್ಲಿ ನಾವು ನಾಲ್ಕು ಜನ. ವೀಣನ ಅಪ್ಪ ವಿ.ಸಿ. ಫಾರಂನಲ್ಲಿ ಕೂಲಿ. ಅಮೃತ ಮದ್ದೂರಿನವಳು. ನನ್ನ ಪಕ್ಕದ ಮಂಚ ಕುಸುಮಂದು, ಅವಳು ಮಳವಳ್ಳಿ. ಅವರಮ್ಮ ಮಲ್ಲಿಗಮ್ಮ ಬಟ್ಟೆ ಹೊಲಿಯುತ್ತಾರೆ. ಕುಸುಮ ಯಾರನ್ನು ನೋಡಿದರೂ ಅವರ ಹಾಗೇ ಮಾತಾಡಿ ತೋರಿಸುತ್ತಾಳೆ. ಫಿಸಿಕ್ಸ್ ಮೇಷ್ಟ್ರ ಹಾಗೆ ಮೂಗು ಎಳೆದರೆ ನಾವು ಹೊಟ್ಟೆ ಹಿಡಿದುಕೊಂಡು ಬೀಳಬೇಕು.

ಒಂದು ವಿಷಯ ಕೇಳಬೇಕಿತ್ತು. ಹೋದ ವಾರ ಕಾಲೇಜಿಗೆ ಒಬ್ಬರು ಡಾಕ್ಟರಮ್ಮ ಬಂದಿದ್ದರು. ಹಾಸ್ಟೆಲಿನಲ್ಲಿ ಒತ್ತೊತ್ತಾಗಿ ಇರುವ ನಮ್ಮ ವಯಸ್ಸಿನವರಿಗೆ ಒಂದು ಜ್ವರ ಬರುವುದುಂಟು, ಅಪರೂಪ, ಆದರೆ ಬಂದರೆ ಒಂದೇ ದಿನದಲ್ಲಿ ಜೀವಕ್ಕೆ ಕುತ್ತು, ಅದಕ್ಕೆ ಲಸಿಕೆ ಇದೆ, ಹಾಕಿಸಿಕೊಳ್ಳಿ ಎಂದರು. ಇಂಗ್ಲಿಷಿನಲ್ಲಿ ಅದರ ಹೆಸರು ಹೇಳಿ, ಹಿಂದಿನ ಸಾಲಿನವರಿಗೆ ಅರ್ಥವಾಗಲೆಂದು "ಮೆದುಳು ಜ್ವರ ಕಣ್ರಮ್ಮ" ಎಂದರು. ಅವರು ಹೊರಟುಹೋದ ಮೇಲೆ ಹಾಸ್ಟೆಲಿನಲ್ಲಿ ನಯನ ಮೇಡಂ ಯಾರಿಗೆಲ್ಲ ಬೇಕು ಎಂದು ಕೇಳಿದರೆ ಅರ್ಧ ಜನ "ನಮ್ಗೆ ಚಿಕ್ಕೋರಿದ್ದಾಗ್ಲೇ ಆಗಿದೆ ಮೇಡಂ" ಅಂದರು. "ನಿಮ್ಮ ನೆನಪು ನಂಗೆ ಬೇಡ, ಮನೆಗೆ ಬರೆದು ಕೇಳಿ. ಬೇಕು ಅಂದ್ರೆ ಅಪ್ಪನೋ ಅಮ್ಮನೋ ಸಹಿ ಹಾಕಿ ಕಳಿಸ್ಲಿ" ಎಂದರು ಮೇಡಂ.

ನನಗೆ ಆಗಿದೆಯಾ ಅವ್ವ?

ಶೋಭಿತಾ


ಬ್ಲಫ್, ಮಳವಳ್ಳಿ ತಾಲ್ಲೂಕು
19 ನವೆಂಬರ್ 2024

ಶೋಭಿಗೆ ನಿಮ್ಮವ್ವ ಬರೆಯುವುದು. ಮಾರಮ್ಮನ ದಯೆಯಿಂದ ನಾನೂ ನಿಮ್ಮಪ್ಪನೂ ಚೆನ್ನಾಗಿದ್ದೇವೆ. ಹಸು ಮಾತ್ರ ಒದೆಯುವುದನ್ನು ಬಿಟ್ಟಿಲ್ಲ.

ನಿನಗೆ ಆಗಿದೆ. ನೀನು ಆಗತಾನೇ ಹೆಜ್ಜೆ ಇಡುತ್ತಿದ್ದೆ. ಅಂಗನವಾಡಿ ಮುಂದಿನ ಹೊಂಗೆ ಮರದ ಕೆಳಗೆ ಮೇಜು ಹಾಕಿಕೊಂಡು ಕೂತಿದ್ದರು. "ಇದು ಮೆದುಳು ಜ್ವರದ್ದು ಕಣಮ್ಮ, ಕೈ ಗಟ್ಟಿಯಾಗಿ ಹಿಡ್ಕೊ" ಅಂತ ನರ್ಸಮ್ಮ ಅವಳ ಬಾಯಿಂದಲೇ ಹೇಳಿದಳು. ನೀನು ಅವಳ ಕೊರಳಿನ ಸರ ಹಿಡಿದು ಎಳೆದೆ, ಮಣಿಯೆಲ್ಲ ಮಣ್ಣಿಗೆ. ಅವಳು ಸೂಜಿ ಬಿಟ್ಟು ಮಣಿ ಆರಿಸಿದಳು, ನಾನೂ ಆರಿಸಿದೆ. ಇದನ್ನೆಲ್ಲ ಮರೆಯುತ್ತೇನಾ?

ಆದರೂ ಓದಿದವರು ಹೇಳಿದ ಮಾತು ಅಂತ, ಕಾರ್ತಿಕ ಸೋಮವಾರ ದೀಪ ಹಚ್ಚುವುದಕ್ಕೆ ಗುಡಿಗೆ ಹೋದಾಗ ಮಾರಮ್ಮನ ಹತ್ತಿರ ಹೂ ಕೇಳಿದೆ. "ತಾಯಿ, ನನ್ನ ಮಗಳಿಗೆ ಮೆದುಳು ಜ್ವರದ ಸೂಜಿ ಆಗಿದೆ. ಅದೇ ಸಾಕು ಅನ್ನುವುದಾದರೆ ಬಲಗಡೆ ಕೊಡು" ಅಂದೆ. ಪೂಜಾರಿ ಕೆಂಪಸಿದ್ದಯ್ಯ ಗಂಟೆ ಬಾರಿಸಿ ಕೈ ಇಳಿಸಿರಲಿಲ್ಲ, ಅಮ್ಮನ ಬಲ ಭುಜದಿಂದ ಸೇವಂತಿಗೆ ಜಾರಿ ಬಿತ್ತು. ಇನ್ನು ಮಾತಿಲ್ಲ. ನಿಮ್ಮಪ್ಪ ಮಾತ್ರ ಒಂದು ಕೊಂಕು ಆಡಿದರು: "ದೇವ್ರುನ್ನೂ ಡಾಕ್ಟ್ರುನ್ನೂ ಒಂದೇ ಮಾತಿಗೆ ಕೇಳ್ಬಾರ್ದು ಕಣಮ್ಮಿ. ಇಬ್ರೂ ಮುನುಸ್ಕತಾರೆ."

ಕುಸುಮನಿಗೂ ಹೇಳು. ಮಳವಳ್ಳಿಯಲ್ಲಿ ಬೆಳೆದವಳು ಅಂದಮೇಲೆ ಅವಳಿಗೂ ಆಗಿರುತ್ತದೆ. ಆಗ ನಮ್ಮ ಕಡೆಯ ಕೂಸುಗಳಿಗೆಲ್ಲ ಹಾಕಿದರು. ಒಂದೇ ಕಾಯಿಲೆಗೆ ಎರಡೆರಡು ಸಲ ಮೈ ಚುಚ್ಚಿಸಿಕೊಳ್ಳುವುದು ಯಾಕೆ?

ತಲೆಗೆ ಎಣ್ಣೆ ಹಚ್ಚಿಕೊ. ಬೆಳಿಗ್ಗೆ ಎದ್ದು ದೇವರ ಕಡೆ ತಿರುಗಿ ಕೈ ಮುಗಿ. ಪಟ ಇಲ್ಲದಿದ್ದರೆ ಸೂರ್ಯನಿಗೇ ಮುಗಿ.

ಮಂಚಮ್ಮ


ಮಂಡ್ಯ
27 ನವೆಂಬರ್ 2024

ಅವ್ವ,

ನಿನ್ನ ಕಾಗದ ರೂಮಿನಲ್ಲೆಲ್ಲ ಓಡಾಡಿತು. ಕುಸುಮ ಅದನ್ನು ನಿನ್ನ ದನಿಯಲ್ಲೇ ಓದಿದಳು. ನಿನ್ನನ್ನು ಒಂದು ಸಲವೂ ನೋಡಿಲ್ಲ, ಫೋನಿನಲ್ಲಿ "ಉಂಡ್ಯಾ" ಅಂದದ್ದನ್ನು ಪಕ್ಕದಲ್ಲಿ ನಿಂತು ಕೇಳಿದ್ದಾಳೆ, ಅಷ್ಟೇ. ಸೊಂಟಕ್ಕೆ ಕೈ ಕೊಟ್ಟುಕೊಂಡು "ಇದನ್ನೆಲ್ಲ ಮರೆಯುತ್ತೇನಾ?" ಅಂದಾಗ ನೀನೇ ಬಂದು ನಿಂತ ಹಾಗಾಯಿತು. ಹಸು ಒದೆಯುವ ಸಾಲನ್ನು ಮೂರು ಸಲ ಓದಿಸಿದರು.

ನಾಲ್ವರೂ ಹೋಗಿ ನಮಗೆ ಬೇಡ ಅಂದೆವು. "ಏನ್ರೆ, ನಾಲ್ಕು ಜನಾನೂ ಒಂದೇ ಅಂಗನವಾಡೀಲಿ ಬೆಳೆದ್ರಾ?" ಅಂತ ನಯನ ಮೇಡಂ ಕೇಳಿದರು. "ಶೋಭಿತಾ ಅಮ್ಮ ದೇವ್ರುನ್ನೂ ಕೇಳವ್ರೆ ಮೇಡಂ, ದೇವ್ರೂ ಬೇಡ ಅಂತು" ಎಂದಳು ಕುಸುಮ. ಮೇಡಂಗೂ ನಗು ಬಂತು.

ಎಣ್ಣೆ ಹಚ್ಚಿಕೊಳ್ಳುತ್ತಿದ್ದೇನೆ. ಕುಸುಮ ನನ್ನ ಜಡೆ ಹಾಕುತ್ತಾಳೆ, ನಾನು ಅವಳದ್ದು.

ಶೋಭಿ


ಬ್ಲಫ್
5 ಡಿಸೆಂಬರ್ 2024

ಶೋಭಿ,

ನನ್ನ ಕಾಗದದಿಂದ ನಾಲ್ಕು ಮಕ್ಕಳ ಮೈ ಉಳಿಯಿತು ಅಂತ ಓದಿ ಸಂತೋಷವಾಯಿತು. ನಿಮ್ಮಪ್ಪನಿಗೂ ಓದಿ ಹೇಳಿದೆ. ಏಳನೇ ಕ್ಲಾಸಿಗೇ ಬಿಟ್ಟವಳ ಮಾತನ್ನು ಕಾಲೇಜು ಹುಡುಗಿಯರು ಕೇಳಿದರಲ್ಲ, ಬೀಗುವುದಾದರೆ ಬೀಗಲಿ ಅಂತ ಸುಮ್ಮನಿದ್ದಾರೆ.

ನಮ್ಮ ಬಸ್ಸಿನ ಕಂಡಕ್ಟರ್ ಪುಟ್ಟರಾಜು ಕೈಲಿ ನಿಪ್ಪಟ್ಟು ಕಳಿಸಿದ್ದೇನೆ. ಕುಸುಮನ ಪಾಲು ಬೇರೆ ಕಟ್ಟಿದ್ದೇನೆ, ಅದಕ್ಕೆ ನೀನು ಕೈ ಹಾಕಬೇಡ. ನನ್ನ ಹಾಗೇ ಮಾತಾಡುತ್ತಾಳಂತಲ್ಲ, ಸಂಕ್ರಾಂತಿಗೆ ಕರೆದುಕೊಂಡು ಬಾ. ನನ್ನ ಎದುರಿಗೆ ನಿಂತು ಮಾತಾಡಲಿ, ನೋಡೇ ಬಿಡುತ್ತೇನೆ.

ಮಂಚಮ್ಮ


ಮಂಡ್ಯ
16 ಡಿಸೆಂಬರ್ 2024

ಅವ್ವ,

ನಿಪ್ಪಟ್ಟು ಬಂತು. ಚೆನ್ನಾಗಿತ್ತು.

ಹಾಸ್ಟೆಲಿನಲ್ಲಿ ಮಾತ್ರೆ ಕೊಟ್ಟಿದ್ದಾರೆ, ಸುಮ್ಮನೆ ಮುಂಜಾಗ್ರತೆಗೆ. ಅದನ್ನು ನುಂಗಿದ ಮೇಲೆ ಮೂತ್ರ ಕಿತ್ತಳೆ ಬಣ್ಣ ಹೋಗುತ್ತದೆ, ಹೆದರಬೇಡಿ ಎಂದು ಮೊದಲೇ ಹೇಳಿದ್ದರು. ಈಗ ಸರಿಯಾಗಿದೆ. ನಮ್ಮನ್ನು ಮಹಡಿ ಮೇಲಿನ ರೂಮಿಗೆ ಹಾಕಿದ್ದಾರೆ. ಗಾಳಿ ಬೆಳಕು ಚೆನ್ನಾಗಿದೆ. ಇಲ್ಲಿ ಮೂರೇ ಮಂಚ.

ಒಂದು ಕೇಳಲಾ? ಅಂಗನವಾಡಿಯಲ್ಲಿ ಹಾಕಿದ್ದು ಇದೇ ಸೂಜಿ ಅಂತ ನಿನಗೆ ಚೆನ್ನಾಗಿ ನೆನಪಿದೆಯಾ? ಕೋಪ ಮಾಡಿಕೊಳ್ಳಬೇಡ. ಮೇಡಂ ಇನ್ನೊಂದು ಸಲ ಕೇಳಿ ಅಂದರು.

ಸಂಕ್ರಾಂತಿಗೆ ನಾನೊಬ್ಬಳೇ ಬರುತ್ತೇನೆ.

ಶೋಭಿತಾ


ಬ್ಲಫ್
21 ಡಿಸೆಂಬರ್ 2024

ಶೋಭಿ,

ಹಾಳೆಯ ಅರ್ಧಕ್ಕೇ ನಿಲ್ಲಿಸಿದ್ದೀಯ. ಕಾಗದದ ಬೆಲೆ ಏರಿತಾ?

ಕಿತ್ತಳೆ ಬಣ್ಣ ಹೋಯಿತು ಅಂದರೆ ಮೈಗೆ ಉಷ್ಣ. ನೀನು ನೀರು ಕುಡಿಯುವುದಿಲ್ಲ, ನನಗೆ ಗೊತ್ತು. ಮೆಂತ್ಯ ನೆನೆಸಿ ಕುಡಿ.

ಕುಸುಮನ ಜೊತೆ ಜಗಳ ಆಡಿದ್ದೀಯ. ಅವಳ ಹೆಸರೇ ಇಲ್ಲ ಈ ಕಾಗದದಲ್ಲಿ, ರೂಮನ್ನೂ ಬೇರೆ ಮಾಡಿಕೊಂಡಿದ್ದೀರ, ಸಂಕ್ರಾಂತಿಗೂ ಒಬ್ಬಳೇ ಬರುತ್ತೀಯಂತೆ. ನಿಪ್ಪಟ್ಟಿಗೋ ಜಗಳ? ನೀನು ನಿಮ್ಮಪ್ಪನ ಹಾಗೆ, ಮುನಿಸು ಬಂದರೆ ಬಾಯಿಗೆ ಬೀಗ. ಹೋಗಿ ಮಾತಾಡಿಸು. ಮೊದಲು ನೀನೇ ಮಾತಾಡಿಸಿದರೆ ನಿನ್ನ ಗಂಟೇನೂ ಹೋಗುವುದಿಲ್ಲ. ಅಥವಾ ಯಾವನಾದರೂ ಹುಡುಗನ ವಿಷಯವಾ? ಅದಾಗಿದ್ದರೆ ಈಗಲೇ ಹೇಳಿಬಿಡು, ನಾನು ಬಂದು ಅವನನ್ನು ಮಾತಾಡಿಸುತ್ತೇನೆ.

ಇನ್ನು ಸೂಜಿ. ಹೆತ್ತವಳಿಗೆ ನೆನಪಿದೆಯಾ ಅಂತ ಕೇಳುತ್ತೀಯಲ್ಲ. ಇರಲಿ. ಧನುರ್ಮಾಸದ ಬೆಳಗಿನ ಪೂಜೆ ನಡೆಯುತ್ತಿದೆ, ಬಯ್ಯುವುದಿಲ್ಲ. ಆರೋಗ್ಯ ಕೇಂದ್ರದ ನರ್ಸ್ ಸೌಮ್ಯನ ಹತ್ತಿರ ಹೋಗಿ, ಆಗಿದೆ ಅಂತ ಒಂದು ಚೀಟಿ ಬರೆಸಿ ಕಳಿಸುತ್ತೇನೆ. ನಿಮ್ಮ ಮೇಡಂ ಬಾಯಿ ಮುಚ್ಚಲಿ.

ಮಂಚಮ್ಮ


ಬ್ಲಫ್
27 ಡಿಸೆಂಬರ್ 2024

ಶೋಭಿ,

ನಿನ್ನ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ. ಇದರ ಜೊತೆ ಸೂಜಿ ಹಾಕಿ ಅಂತ ನಾನು ಸಹಿ ಹಾಕಿದ ಹಾಳೆ ಇದೆ. ಮೊದಲು ಅದನ್ನು ನಯನ ಮೇಡಂ ಕೈಗೆ ಕೊಟ್ಟು ಬಾ. ಆಮೇಲೆ ಮುಂದೆ ಓದು.

ಸೌಮ್ಯನ ಹತ್ತಿರ ಹೋಗಿದ್ದೆ. ಗೆಲ್ಲುವುದಕ್ಕೇ ಹೋದವಳ ಹಾಗೆ ಹೋದೆ. "ನನ್ ಮಗೀಗೆ ಮೆದುಳು ಜ್ವರುದ್ ಸೂಜಿ ಆಗದೆ ಅಂತ ಒಂದು ಚೀಟಿ ಬರ್ದುಕೊಡವ್ವ, ಅವುರ್ ಕಾಲೇಜ್ನೋರು ಬುಡಂಗಿಲ್ಲ" ಅಂದೆ.

"ಯಾವ ಮೆದುಳು ಜ್ವರ ಅಕ್ಕ?" ಅಂದಳು.

"ಯಾವ್ದು ಅಂದ್ರೇನಮ್ಮ? ಒಬ್ಬೊಬ್ರಿಗೆ ಎಷ್ಟು ಮೆದುಳವೆ? ನಿಂಗೊಂದು, ನಂಗೊಂದು. ನಮ್ಮನೇವ್ರಿಗೆ ಅದೂ ಅನ್ಮಾನ."

ಅವಳು ನಕ್ಕಳು. ಆಮೇಲೆ ಕುರ್ಚಿ ಎಳೆದು ಕೂರಿಸಿದಳು. "ಕೇಳಿ ಅಕ್ಕ. ಅಂಗನವಾಡೀಲಿ ಹಾಕಿದ್ದು ಸೊಳ್ಳೆ ಕಚ್ಚಿ ಬರೋ ಜ್ವರದ್ದು. ನಮ್ ಕಡೆ ಗದ್ದೆ ನೀರು, ಹಂದಿ, ಸೊಳ್ಳೆ ಎಲ್ಲ ಜಾಸ್ತಿ ಅಲ್ವಾ, ಅದಕ್ಕೇ ನಮ್ ಮಕ್ಳಿಗೆ ಹಾಕ್ತೀವಿ. ಕಾಲೇಜಲ್ಲಿ ಹೇಳಿರೋದು ಮೆನಿಂಜೈಟಿಸ್ ಅಂತ. ಮೆದುಳಿನ ಸುತ್ತ ಒಂದು ಪೊರೆ ಇರುತ್ತೆ, ಅದು ಊದ್ಕೊಳೋದು. ಅದಕ್ಕೂ ಸೊಳ್ಳೆಗೂ ಸಂಬಂಧಾನೇ ಇಲ್ಲ. ಗಂಟಲಿಂದ ಗಂಟಲಿಗೆ ಹತ್ತುತ್ತೆ. ಕೆಮ್ಮು, ಸೀನು, ಒಬ್ರ ಬಾಟ್ಲಿ ಒಬ್ರು ಕಚ್ಚಿ ಕುಡಿಯೋದು, ಮಂಚಕ್ಕೆ ಮಂಚ ಅಂಟಿಸ್ಕೊಂಡು ಮಲಗೋದು. ಹಾಸ್ಟೆಲ್ ಮಕ್ಳಿಗೆ ಅದಕ್ಕೇ ಹೇಳೋದು."

"ಅಂಗಾರೆ ನೀವ್ಯಾಕೆ ಎರಡುಕ್ಕೂ ಮೆದುಳು ಜ್ವರ ಅಂತೀರಿ?"

"ಬಾಯಿಗೆ ಸುಲಭ ಅಂತ ಅಂದ್ಬುಡ್ತೀವಿ ಅಕ್ಕ" ಅಂದಳು. ಸುಳ್ಳು ಹೇಳಲಿಲ್ಲ, ಅದಕ್ಕೆ ಅವಳ ಮೇಲೆ ಸಿಟ್ಟು ಬರಲಿಲ್ಲ.

"ಆ ಸೂಜಿ ಇದುನ್ನ ತಡಿಯಾಕಿಲ್ವಾ? ಒಸಿನೂವೆ?"

"ಇಲ್ಲಕ್ಕ. ಒಂದು ಚೂರೂ ಇಲ್ಲ. ಇದೇ ಬೇರೆ, ಅದೇ ಬೇರೆ."

ಅಲ್ಲಿಂದ ನೇರ ಗುಡಿಗೆ ಹೋದೆ. ಬಾಗಿಲು ಹಾಕಿತ್ತು. ಮೆಟ್ಟಿಲ ಮೇಲೆ ಕೂತೆ. ಮಾರಮ್ಮನ ಮೇಲೆ ನನಗೆ ಯಾವತ್ತೂ ಬರದ ಕೋಪ ಬಂದಿತ್ತು. ಯಾಕೆ ಬಲಗಡೆ ಕೊಟ್ಟೆ ತಾಯಿ, ನನ್ನ ಮಗುವಿನ ವಿಷಯದಲ್ಲಿ ಹೀಗೆ ಮಾಡಬಹುದಾ ಅಂತ ಬಾಗಿಲಿಗೇ ಹೇಳಿದೆ. ಕೂತು ಕೂತು, ಅವತ್ತು ನಾನು ಕೇಳಿದ ಮಾತು ಒಂದೊಂದಾಗಿ ನೆನಪಾಯಿತು. ಮೆದುಳು ಜ್ವರದ ಸೂಜಿ ಆಗಿದೆ, ಅದು ಸಾಕಾ ಅಂತ ಕೇಳಿದ್ದೆ. ಆ ಜ್ವರಕ್ಕೆ ಆ ಸೂಜಿ ಸಾಕು. ಅಮ್ಮ ಸರಿಯಾಗೇ ಕೊಟ್ಟಳು. ಏನು ಕೇಳುತ್ತಿದ್ದೇನೆ ಅಂತ ಕೇಳಿದವಳಿಗೇ ಗೊತ್ತಿರಲಿಲ್ಲ. ಇನ್ನು ಮೇಲೆ ತಿಳಿದವರನ್ನು ಮೊದಲು ಕೇಳುತ್ತೇನೆ, ಆಮೇಲೆ ಅವಳ ಹತ್ತಿರ ಹೋಗುತ್ತೇನೆ. ಅವಳೇನೂ ಮುನಿಸಿಕೊಳ್ಳುವುದಿಲ್ಲ.

ಈಗ ಒಂದು ಕೆಲಸ ಮಾಡು. ಆ ಕಾಗದವನ್ನು ರೂಮಿಗೆಲ್ಲ ಓದಿದಿರಲ್ಲ, ಇದನ್ನೂ ಓದಬೇಕು. ವೀಣ, ಅಮೃತ, ಕುಸುಮ ಮೂವರೂ ಮನೆಗೆ ಬರೆದು ಸಹಿ ತರಿಸಲಿ. ಮಂಚಮ್ಮ ಹೇಳಿದ್ದು ತಪ್ಪು, ಅದು ಬೇರೆ ಜ್ವರ ಅಂತ ಎಲ್ಲರಿಗೂ ಹೇಳು. ಜಗಳ ಮುಗಿದಿದ್ದರೆ ಕುಸುಮನ ಕೈಗೇ ಕೊಡು. ನನ್ನ ದನಿಯಲ್ಲೇ ಓದಲಿ, ಆಗ ಕೇಳುತ್ತಾರೆ.

ನಿಮ್ಮವ್ವ


ಮಂಡ್ಯ
2 ಜನವರಿ 2025

ಅವ್ವ,

ಹಾಳೆಯನ್ನು ಮೇಡಂಗೆ ಕೊಟ್ಟೆ. ಕಾಗದವನ್ನು ನಾನೇ ಓದಿದೆ. ಕುಸುಮ ಇಲ್ಲಿಲ್ಲ.

ಬದುಕಿದ್ದಾಳೆ, ಮೊದಲೇ ಹೇಳಿಬಿಡುತ್ತೇನೆ. ಮೈಸೂರಿನ ಆಸ್ಪತ್ರೆಯಲ್ಲಿದ್ದಾಳೆ. ನಾವು ಜಗಳ ಆಡಿರಲಿಲ್ಲ.

ನಿನ್ನ ನಿಪ್ಪಟ್ಟು ಬಂದ ಮಾರನೆಯ ದಿನ. ಬೆಳಿಗ್ಗೆ ತಲೆನೋವು, ಮೈ ಬಿಸಿ ಅಂದಳು. ಟೆಸ್ಟ್ ಇತ್ತು, ಅದಕ್ಕೇ ಇರಬೇಕು ಅಂದುಕೊಂಡೆವು. ನಾನು ಅವಳ ಜಡೆ ಹಾಕಲು ಕೂತೆ. "ತಲೆ ಬಗ್ಸೆ" ಅಂದೆ. "ಬಗ್ತಾ ಇಲ್ಲ ಕಣೆ" ಅಂದಳು. ಕತ್ತನ್ನು ಹಾಗೇ ಸೆಟೆಸಿಕೊಂಡಿದ್ದಳು. ಯಾವಾಗಲೂ ಯಾರನ್ನಾದರೂ ಅಣಕಿಸುತ್ತಾಳಲ್ಲ, "ಇದ್ಯಾವ ಮೇಷ್ಟ್ರುದೆ?" ಅಂತ ನಕ್ಕೆ ಅವ್ವ. ನಾನು ನಕ್ಕೆ. ಆಮೇಲೆ ಅವಳು ಕಿಟಕಿ ಮುಚ್ಚು, ಬೆಳಕು ಕಣ್ಣಿಗೆ ಚುಚ್ಚುತ್ತೆ ಅಂದಳು, ವಾಂತಿ ಮಾಡಿದಳು. ಕಾಲ ಮೇಲೆ ನೇರಳೆ ಬಣ್ಣದ ಚುಕ್ಕೆ ಎದ್ದಿದ್ದವು. ಗಾಜಿನ ಲೋಟ ಒತ್ತಿದರೂ ಚುಕ್ಕೆ ಮಾಯವಾಗದಿದ್ದರೆ ಒಂದು ನಿಮಿಷವೂ ಕಾಯಬೇಡಿ ಎಂದು ಡಾಕ್ಟರಮ್ಮ ಹೇಳಿದ್ದು ವೀಣನಿಗೆ ನೆನಪಿತ್ತು. ಒತ್ತಿ ನೋಡಿದಳು. ಹೋಗಲಿಲ್ಲ. ಮೂವರೂ ಕೂಗಿಕೊಂಡು ಓಡಿದೆವು. ನಯನ ಮೇಡಂ ಚಪ್ಪಲಿಯನ್ನೂ ಹಾಕಿಕೊಳ್ಳದೆ ಅವಳನ್ನು ಆಟೋಗೆ ಹತ್ತಿಸಿದರು. ಬೇಗ ತಂದಿರಿ, ಅದಕ್ಕೇ ಉಳಿದಳು ಎಂದು ಆಸ್ಪತ್ರೆಯವರು ಅಂದರಂತೆ.

ನಮಗೆ ಮಾತ್ರೆ ಕೊಟ್ಟಿದ್ದು ಅದಕ್ಕೇ. ಆ ಡಾಕ್ಟರಮ್ಮ ಮತ್ತೆ ಬಂದಾಗ, ಸೂಜಿ ಹಾಕಿಸಿದ್ದರೆ ಅವಳಿಗೆ ಬರುತ್ತಲೇ ಇರಲಿಲ್ಲವಾ ಎಂದು ಕೇಳಿದೆ. "ಖಂಡಿತ ಅಂತ ನಾನು ಹೇಳಕ್ಕಾಗಲ್ಲ ಮಗು, ಈ ಕಾಯಿಲೇಲೂ ಬೇರೆ ಬೇರೆ ಜಾತಿ ಇದೆ. ಆದ್ರೆ ಹಾಕಿಸ್ಕೊಂಡೋರಿಗೆ ಬರೋದು ತುಂಬ ಕಮ್ಮಿ" ಎಂದರು.

ನಿನಗೆ ಯಾಕೆ ಬರೆಯಲಿಲ್ಲ ಅಂದರೆ, ಬಸ್ ಹತ್ತಿಸುವಾಗ ಅಪ್ಪ ಅಂದಿದ್ದು ಕಿವಿಯಲ್ಲೇ ಇತ್ತು: "ಏನಾರ ಎಚ್ಚುಕಮ್ಮಿ ಆದ್ರೆ ಮಾರ್ನೆ ದಿನ್ವೆ ಬಂದು ಕರ್ಕಂಡೋಯ್ತೀನಿ." ನನಗೆ ಓದು ಬಿಟ್ಟು ಬರಲು ಇಷ್ಟವಿಲ್ಲ. ಇನ್ನೊಂದು ಕಾರಣವೂ ಇತ್ತು. ಅವಳು ಬೇಡ ಅಂದಿದ್ದು ನಿನ್ನ ಕಾಗದ ಓದಿದ ಮೇಲೆ. ಅದು ನಿನಗೆ ತಿಳಿಯುವುದು ಬೇಡ ಅನ್ನಿಸಿತು. ಆದರೆ ತಿಳಿಯದೆ ನೀನು ಸಹಿ ಹಾಕುವುದಿಲ್ಲ. ಹೇಗೆ ಬರೆಯಬೇಕೋ ಗೊತ್ತಾಗದೆ, ಚೆನ್ನಾಗಿ ನೆನಪಿದೆಯಾ ಎಂದು ಕೇಳಿದೆ.

ಕುಸುಮನ ಪಾಲಿನ ನಿಪ್ಪಟ್ಟು ಹಾಗೇ ಇದೆ. ನನ್ನನ್ನು ಕರೆದುಕೊಂಡು ಹೋಗಬೇಡಿ ಅವ್ವ.

ಶೋಭಿ


ಬ್ಲಫ್
8 ಜನವರಿ 2025

ಶೋಭಿ,

ನಿನ್ನ ಕಾಗದವನ್ನು ಒಂದು ಸಲ ಒಳಗೊಳಗೇ ಓದಿದೆ. ಇನ್ನೊಂದು ಸಲ ಜೋರಾಗಿ, ನಿಮ್ಮಪ್ಪನಿಗೆ ಕೇಳಿಸುವ ಹಾಗೆ ಓದಿದೆ. ಅವರು ಹಸುವಿನ ಹಗ್ಗ ಹೊಸೆಯುತ್ತಿದ್ದರು. ತಲೆ ಎತ್ತಲಿಲ್ಲ.

"ಗೊತ್ತು ಕಣಮ್ಮಿ" ಅಂದರು.

"ಏನ್ ಗೊತ್ತು?"

"ಆ ಮಗೀಗೆ ಜ್ವರ ಬಂದಿದ್ದು. ಆ ಮೇಡಮ್ಮ ಅವತ್ತೇ ಪೋನ್ ಮಾಡಿದ್ರು. ನಾನು ನಾಲೆ ಮೇಲಿದ್ದೆ. ನಮ್ ಮಗ್ಳು ಎಂಗವ್ಳೆ ಅಂದೆ, ಮಾತ್ರೆ ಕೊಟ್ಟಿವಿ, ಉಸಾರಾಗವ್ಳೆ ಅಂದ್ರು."

ನನಗೆ ಕೈಗೆ ಏನು ಸಿಕ್ಕಿದರೂ ಎಸೆಯಬೇಕು ಅನ್ನಿಸಿತು. "ನಂಗ್ಯಾಕೆ ಏಳ್ನಿಲ್ಲ?"

"ಏಳಿದ್ರೆ ನೀನು ಅನ್ನ ನೀರು ಬುಟ್ಟು ಗುಡಿ ಮುಂದೆ ಕುಂತ್ಕತಿದ್ದೆ. ಸೂಜಿ ಆಕ್ಸದಾ ಅಂತ್ಲೂ ಕೇಳುದ್ರು ಆಯಮ್ಮ. ಅದು ನಿಂದು ಮಾರಮ್ಮಂದು ಯವಾರ, ನೀನು ಊವ ಬೇರೆ ಕೇಳಿದ್ದೆ. ಅವುಳ್ ತಾಯಿನೇ ಕೇಳಿ ಅಂದ್ಬುಟ್ಟೆ. ಅದೊಂದು ತೆಪ್ಪಾಯ್ತು ನಂದು."

"ಏನಾರ ಆದ್ರೆ ಕರ್ಕಂಡ್ ಬತ್ತೀನಿ ಅಂತ ಮಗೀನ ಎದುರ್ಸಿದ್ದಲ್ಲ, ಮತ್ಯಾಕೆ ಓಗ್ನಿಲ್ಲ?"

"ಬಸ್ ಅತ್ಸೋವಾಗ ಎಲ್ಲ ಅಪ್ದೀರೂ ಅಂಗೇ ಅನ್ನದು ಕಣೆ. ಜ್ವರುಕ್ಕೆ ಎದ್ರಿ ಓದು ಬುಡ್ಸಾದಾ? ಸೂಜಿ ಆಕ್ಸು. ಓದ್ಲಿ ಬುಡು."

ಕೇಳಿದೆಯಾ? ನೀನು ಅಪ್ಪನಿಗೆ ಹೆದರಿ ಮುಚ್ಚಿಟ್ಟೆ, ಅವರು ನನಗೆ ಹೆದರಿ ಮುಚ್ಚಿಟ್ಟರು. ನಡುವೆ ನಾನು ಜಗಳ ಮುಗಿಸು ಅಂತ ಬುದ್ಧಿ ಹೇಳಿ ಕಾಗದ ಬರೆದೆ. ಆ ಕಾಗದ ನಿನ್ನ ಕೈಗೆ ಬಂದಾಗ ನಿನಗೆ ಹೇಗಾಗಿರಬೇಕು ಅಂತ ಈಗ ಅನ್ನಿಸುತ್ತಿದೆ. ಅದನ್ನು ಹರಿದು ಹಾಕು.

ನೀನು ನಕ್ಕಿದ್ದಕ್ಕೆ ಅಳಬೇಡ. ಜೊತೆಯವಳು ನಾಟಕ ಮಾಡಿದಳು ಅಂದುಕೊಂಡು ನಕ್ಕೆ, ನಿಜ ಅಂತ ತಿಳಿದ ಗಳಿಗೆಯಲ್ಲಿ ಓಡಿದೆ. ಬೇಡ ಅಂತ ಬರೆದವಳು ನಾನು. ಅದು ನನ್ನದು, ನಿನ್ನ ತಲೆಗೆ ಕಟ್ಟಿಕೊಳ್ಳಬೇಡ.

ಶುಕ್ರವಾರ ಪೂಜೆಗೆ ಬಂದಿದ್ದ ಹೆಂಗಸರ ಮುಂದೆ ಈ ಮಾತು ತೆಗೆದೆ. ಅಂಕಯ್ಯನ ಹೆಂಡತಿ, ಅವಳ ಮಗ ಮೈಸೂರಿನ ಹಾಸ್ಟೆಲಿನಲ್ಲಿದ್ದಾನಲ್ಲ, "ಅಯ್ಯೋ ಅದು ಅಂಗನ್ವಾಡೀಲೇ ಆಗದೆ ಬುಡಕ್ಕ" ಅಂದಳು. ನನ್ನ ಬಾಯಿಂದಲೇ ಬಂದ ಹಾಗಿತ್ತು. ಅವಳ ಕೈ ಹಿಡಿದುಕೊಂಡು ಸೌಮ್ಯನ ಹತ್ತಿರ ಕೂರಿಸಿ ಬಂದೆ.

ನಿಮ್ಮವ್ವ


ಮಂಡ್ಯ
21 ಜನವರಿ 2025

ಅವ್ವ,

ಕುಸುಮ ಮಳವಳ್ಳಿಗೆ ಬಂದಿದ್ದಾಳೆ. ನಯನ ಮೇಡಂ ಹೋಗಿ ನೋಡಿಕೊಂಡು ಬಂದರು. ನಡೆಯುತ್ತಾಳೆ, ಉಣ್ಣುತ್ತಾಳೆ, ಎಲ್ಲರ ಗುರುತೂ ಇದೆ. ಕಿವಿ ಕೇಳಿಸುತ್ತಿಲ್ಲ. ಎರಡೂ. ಈ ಜ್ವರ ಬಿಟ್ಟುಹೋಗುವಾಗ ಕೆಲವರಿಗೆ ಹಾಗೆ ಮಾಡಿಹೋಗುತ್ತದಂತೆ. ಕಿವಿಯೊಳಗೆ ಯಂತ್ರ ಇಡಬಹುದಾ ಎಂದು ಮುಂದಿನ ತಿಂಗಳು ಪರೀಕ್ಷೆ ಮಾಡುತ್ತಾರಂತೆ.

ನಮಗೆ ಸೂಜಿ ಬರುವ ಶನಿವಾರ. ಹಬ್ಬಕ್ಕೆ ನನ್ನ ಹಾಗೆ ಊರಿಗೆ ಹೋದವರೆಲ್ಲ ವಾಪಸ್ ಬರಲಿ ಎಂದು ಮುಂದಕ್ಕೆ ಹಾಕಿದ್ದರು. ಕಾಲೇಜಿನ ಪರೀಕ್ಷೆ ಮುಗಿಯುವವರೆಗೂ ನನ್ನನ್ನು ಮಳವಳ್ಳಿಗೆ ಬಿಡುವುದಿಲ್ಲ. ನೀನು ಹೋಗುತ್ತೀಯಾ? ಹೋದರೆ ಮೆಲ್ಲಗೆ ಮಾತಾಡು ಎಂದು ಬರೆಯಲು ಹೊರಟಿದ್ದೆ. ಮೆಲ್ಲಗೆ ಮಾತಾಡಿದರೂ ಒಂದೇ, ಜೋರಾಗಿ ಮಾತಾಡಿದರೂ ಒಂದೇ ಅಂತ ಆಮೇಲೆ ನೆನಪಾಯಿತು.

ಶೋಭಿ


ಬ್ಲಫ್
3 ಫೆಬ್ರವರಿ 2025

ಕುಸುಮ,

ನಾನು ಶೋಭಿಯ ಅವ್ವ. ಮೊನ್ನೆ ನಿಮ್ಮ ಮನೆಗೆ ಬಂದು ಹೊಸಿಲಲ್ಲೇ ಮಾತು ಶುರುಮಾಡಿದವಳು. ನಿನಗೆ ಕೇಳಿಸುವುದಿಲ್ಲ ಅಂತ ತಿಳಿದೂ ಆಡುತ್ತಲೇ ಇದ್ದೆ. ನೀನು ನನ್ನ ಬಾಯನ್ನೇ ನೋಡುತ್ತಾ ಕೂತಿದ್ದೆ. ನಾನು ನಿನ್ನ ಕಣ್ಣು ತಪ್ಪಿಸಿ ನಿಮ್ಮಮ್ಮನ ಕಡೆ ತಿರುಗಿಬಿಟ್ಟೆ. ಆಮೇಲೆ ನಾವಿಬ್ಬರು ಏನು ಮಾತಾಡಿದೆವು ಅಂತ ನಿನಗೆ ತಿಳಿದಿರುವುದಿಲ್ಲ. ನಿನ್ನ ವಿಷಯವನ್ನು ನಿನ್ನ ಎದುರಿಗೇ ನಿನಗೆ ತಿಳಿಯದ ಹಾಗೆ ಆಡಿದಂತಾಯಿತು. ಅದಕ್ಕೆ ಬರೆಯುತ್ತಿದ್ದೇನೆ.

ನಿಮ್ಮಮ್ಮ ಹೊಲಿಗೆ ಮಿಷನ್ ನಿಲ್ಲಿಸಿ ಕೇಳಿದರು: "ನಿಮ್ ಕಾಗ್ದ ಓದ್ಬುಟ್ಟು ಬ್ಯಾಡ ಅಂದ್ಲಂತೆ?"

"ಊಂ ಕಣವ್ವ. ನಾನೇ ಬರ್ದಿದ್ದು. ನಿಮ್ ಮಗ್ಳೆಸ್ರು ಸೇರ್ಸೇ ಬರ್ದಿದ್ದೆ" ಅಂದೆ.

ಅವರು ಬಟ್ಟೆಯನ್ನು ಮಡಿಸಿ ಪಕ್ಕಕ್ಕಿಟ್ಟರು. ಆಮೇಲೆ ಅಂದರು: "ನನ್ನ ಕೇಳಿದ್ರೂ ಅದ್ನೇ ಏಳ್ತಿದ್ದೆ ಕಣಕ್ಕ. ಇವ್ಳ್ಗೂ ಅಂಗನ್ವಾಡೀಲಿ ಆಗಿತ್ತು, ನಾನೇ ಎತ್ಕಂಡೋಗಿದ್ದೆ. ಆದ್ರೆ ನನ್ನ ಕೇಳ್ನಿಲ್ವಲ್ಲ. ನಿಮ್ ಮಾತೇ ಸಾಕು ಅಂದ್ಕಂಡ್ಳಲ್ಲ. ಅದೊಂದು ಸಂಕ್ಟ."

ನಿಮ್ಮಮ್ಮ ಕಾಫಿ ಕೊಟ್ಟರು, ಕುಡಿದೆ. ನಿಮ್ಮ ಮನೆಯಲ್ಲಿ ನನಗೆ ಕಾಫಿ ಕೊಡಬೇಕಾದ ಹಂಗು ಅವರಿಗೆ ಇರಲಿಲ್ಲ.

ಈ ಕಾಗದದೊಳಗೆ ಮಾರಮ್ಮನ ಕುಂಕುಮ ಮಡಿಸಿ ಇಟ್ಟಿದ್ದೇನೆ. ಬೇಕು ಅನ್ನಿಸಿದರೆ ಇಟ್ಟುಕೊ. ನನ್ನ ಮೇಲೆ ಕೋಪವಿದ್ದರೆ ತುಳಸಿ ಗಿಡದ ಬುಡಕ್ಕೆ ಹಾಕಿಬಿಡು. ನಾನೇನೂ ಅಂದುಕೊಳ್ಳುವುದಿಲ್ಲ, ಅವಳೂ ಅಂದುಕೊಳ್ಳುವುದಿಲ್ಲ. ಕಿವಿಯ ಪರೀಕ್ಷೆಗೆ ಮೈಸೂರಿಗೆ ಹೋಗುವ ದಿನ ತಿಳಿಸಲು ನಿಮ್ಮಮ್ಮನಿಗೆ ಹೇಳು, ನಾನೂ ಜೊತೆಗೆ ಬರುತ್ತೇನೆ. ಬೇಡ ಅಂದರೆ ಬರುವುದಿಲ್ಲ.

ಇನ್ನೊಂದು. ನಾನು ಹೊರಟು ಬಾಗಿಲಿಗೆ ಬಂದಾಗ ನೀನು ಎದ್ದು ಬಂದು ಜೋರಾಗಿ ಕೇಳಿದೆ, ಬೀದಿಯವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ: "ಶೋಭಿ ಸೂಜಿ ಹಾಕಿಸ್ಕೊಂಡ್ಲಾ?"

ಅಷ್ಟೆಲ್ಲ ಆದವಳು ಮೊದಲು ಕೇಳಿದ್ದು ಅದು. ನನಗೆ ತಡೆಯಲಾಗಲಿಲ್ಲ, ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಸೆರಗಿನೊಳಗೇ ಏನೋ ಅಂದೆ. ನೀನು ಮತ್ತೊಂದು ಸಲ ಕೇಳಿದೆ. ಆಗಲೂ ನಾನು ಸೆರಗು ತೆಗೆಯಲಿಲ್ಲ. ನಿನಗೆ ನನ್ನ ತುಟಿ ಕಾಣಲೇ ಇಲ್ಲ ಅಂತ ಹೊಳೆದದ್ದು ಬಸ್ಸು ಊರು ದಾಟಿದ ಮೇಲೆ.

ಹಾಕಿಸಿಕೊಂಡಳು ಕಣವ್ವ. ವೀಣ, ಅಮೃತ ಕೂಡ. ಮೂವರೂ ಹಾಕಿಸಿಕೊಂಡರು.

ಮಂಚಮ್ಮ